ಹನ್ನೆರಡು ಜನ, ಒಂದೇ ನಾಲಿಗೆ

ಜೂನ್ ಕೊನೆಯಲ್ಲಿ, ಮೂರನೆಯ ವರ್ಷದ ಪರೀಕ್ಷೆ ಮುಗಿದ ಮಾರನೆಯ ದಿನ, ನಾಲಿಗೆ ಮತ್ತು ನಾಡಿ ನೋಡುವುದನ್ನು ಕಲಿಸುತ್ತಿದ್ದ ನಮ್ಮ ಶಿಕ್ಷಕಿ ವಿದೇಶಿ ವಿದ್ಯಾರ್ಥಿಗಳನ್ನೆಲ್ಲ ಆಸ್ಪತ್ರೆಯ ಹಿಂಬದಿಯ ಕೋಣೆಗೆ ಕರೆದು ಒಬ್ಬೊಬ್ಬರ ಕೈಗೂ ಒಂದು ನೀಲಿ ರಟ್ಟಿನ ಪುಸ್ತಕ ಕೊಟ್ಟರು. ಪುಟಗಳಿಗೆ ಸಂಖ್ಯೆ ಅಚ್ಚಾಗಿತ್ತು. ಪ್ರತಿ ಪುಟದಲ್ಲೂ ಒಂದು ಖಾಲಿ ನಾಲಿಗೆಯ ಚಿತ್ರ, ಮಕ್ಕಳು ಬಣ್ಣ ತುಂಬುವ ಪುಸ್ತಕದಲ್ಲಿರುವಂತೆ ಬರೀ ಗೆರೆ. ರಜೆಗೆ ಊರಿಗೆ ಹೋದಾಗ ಹನ್ನೆರಡು ರೋಗಿಗಳನ್ನು ವಾರಕ್ಕೊಮ್ಮೆಯಂತೆ ಮೂರು ಸಲ ನೋಡಬೇಕು. ಪ್ರತಿ ಸಲವೂ ನಾಲಿಗೆಗೆ ಕಂಡಂತೆ ಬಣ್ಣ ತುಂಬಬೇಕು, ನಾಡಿ ಬರೆಯಬೇಕು, ಊರಿನ ಒಬ್ಬ ವೈದ್ಯರ ಸಹಿ ಮತ್ತು ಸೀಲು ಹಾಕಿಸಬೇಕು. ಸೆಪ್ಟೆಂಬರಿನಲ್ಲಿ ಆ ಪುಸ್ತಕದ ಮೇಲೆ ಶಿಕ್ಷಕಿಯ ಕೆಂಪು ಮುದ್ರೆ ಬಿದ್ದರೆ ನಾಲ್ಕನೆಯ ವರ್ಷ, ಅಂದರೆ ವಾರ್ಡು. ಬೀಳದಿದ್ದರೆ ಮತ್ತೆ ಮೂರನೆಯ ವರ್ಷ.

ಇದು ಬರೀ ಬೆದರಿಕೆಯಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಸೀನಿಯರ್ ಒಬ್ಬ ಊರಿನಲ್ಲಿ ಯಾರನ್ನೂ ನೋಡದೆ ಪಠ್ಯಪುಸ್ತಕದ ನಾಲಿಗೆಗಳನ್ನೇ ನಕಲು ಮಾಡಿ ತಂದಿದ್ದ. ಶಿಕ್ಷಕಿ ಅವನ ಪುಟಗಳನ್ನು ತಿರುವುತ್ತಾ, ಯಾವ ನಾಲಿಗೆ ಪಠ್ಯದ ಎಷ್ಟನೆಯ ಚಿತ್ರ ಎಂದು ಒಂದೊಂದಾಗಿ ಹೇಳಿದರಂತೆ. ಅವನು ಆ ವರ್ಷವೆಲ್ಲ ನಮ್ಮ ಜೊತೆ ಹಿಂದಿನ ಬೆಂಚಿನಲ್ಲಿ ಯಾರ ಮುಖವನ್ನೂ ನೋಡದೆ ಕೂತಿದ್ದ. ನನಗೆ ಮೊದಲೇ ಏನೂ ಇಲ್ಲದೆಯೂ ಎದೆ ಹೊಡೆದುಕೊಳ್ಳುವ ಸ್ವಭಾವ. ಪೂರ್ವ ಚೀನಾದ ಆ ಊರಿನಿಂದ ಬೆಂಗಳೂರಿನವರೆಗೆ ನೀಲಿ ಪುಸ್ತಕವನ್ನು ಬ್ಯಾಗಿಗೂ ಹಾಕದೆ ಮಡಿಲಲ್ಲಿ ಇಟ್ಟುಕೊಂಡು ಬಂದೆ.

ನಾನು ಓದುತ್ತಿದ್ದದ್ದು ಅಲೋಪತಿ ಮತ್ತು ಚೀನೀ ವೈದ್ಯ ಎರಡನ್ನೂ ಸೇರಿಸಿ ಕಲಿಸುವ ಕೋರ್ಸು. ಗೋವಿಂದರಾಜನಗರದ ನಮ್ಮ ವಠಾರದಲ್ಲಿ ಇದನ್ನು ಯಾರಿಗೂ ಅರ್ಥವಾಗುವ ಹಾಗೆ ಹೇಳುವುದು ನನ್ನಿಂದ ಆಗಿರಲಿಲ್ಲ. ಅಮ್ಮ ಕೇಳಿದವರಿಗೆಲ್ಲ ಡಾಕ್ಟರ್ ಓದ್ತಿದ್ದಾಳೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು. ಒಂದು ವರ್ಷ ಹಿಂದೆ ಬಿದ್ದರೆ ಅವರು ಏನು ಹೇಳಬೇಕು ಎಂಬುದು ನನ್ನ ಇನ್ನೊಂದು ಚಿಂತೆ.

ಹೆಗ್ಗನಹಳ್ಳಿಯಲ್ಲಿ ಪ್ಲೈವುಡ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಡಾಕ್ಟರಮ್ಮ ಒಬ್ಬರು ನನ್ನನ್ನು ಸೇರಿಸಿಕೊಂಡರು. ಅವರು ಪ್ರಕೃತಿ ಚಿಕಿತ್ಸೆ ಓದಿ, ಆಮೇಲೆ ಅಕ್ಯುಪಂಕ್ಚರ್ ಕಲಿತವರು. ನೋವು ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ ಸೂಜಿ ಹಾಕುವುದು ಅವರ ರೀತಿ. ನಾಲಿಗೆ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಔಷಧಿ ಕೊಡುವ ಹಾಗಿಲ್ಲ, ಸೂಜಿ ಮುಟ್ಟುವ ಹಾಗಿಲ್ಲ, ನೋಡು, ಬರೆ, ಊಟ ತಿಂಡಿಯ ವಿಷಯ ಬೇಕಾದರೆ ನನ್ನನ್ನು ಕೇಳಿ ಹೇಳು ಎಂದು ಮೊದಲ ದಿನವೇ ಖಡಕ್ಕಾಗಿ ಹೇಳಿದರು. ಶನಿವಾರ ಬೆಳಗಿನ ಹೊತ್ತು ನನಗೆ ಬಿಟ್ಟುಕೊಟ್ಟರು.

ನಾಲಿಗೆ ನೋಡಲು ಹಗಲಿನ ಬೆಳಕೇ ಆಗಬೇಕು. ಟ್ಯೂಬ್‌ಲೈಟಿನಲ್ಲಿ ಕೆಂಪು ನೀಲಿಯ ಕಡೆಗೆ ವಾಲುತ್ತದೆ, ಬಲ್ಬಿನಲ್ಲಿ ಬಿಳಿ ಹಳದಿಯಾಗುತ್ತದೆ. ಕ್ಲಿನಿಕ್‌ನ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಅಡ್ಡ ಇತ್ತು. ಹಾಗಾಗಿ ಮೆಟ್ಟಿಲ ಬಳಿ ಒಂದು ಕುರ್ಚಿ ಹಾಕಿ, ರೋಗಿಯನ್ನು ಬೀದಿಯ ಕಡೆ ಮುಖ ಮಾಡಿ ಕೂರಿಸಿದೆ. ನಾಲಿಗೆಯನ್ನು ಬಿಗಿಮಾಡದೆ ಚಾಚಬೇಕು, ಹತ್ತು ಎಣಿಸುವಷ್ಟರಲ್ಲಿ ಒಳಕ್ಕೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ರಕ್ತ ನಿಂತು ಬಣ್ಣ ಕಪ್ಪಾಗುತ್ತದೆ. ಆ ಹತ್ತರೊಳಗೆ ನಾನು ತುದಿ, ಅಂಚು, ನಡು, ಬುಡ ನೋಡಬೇಕು. ನಾಲಿಗೆಯ ಮೈಬಣ್ಣ ಒಂದು, ಅದರ ಮೇಲೆ ಕೂತಿರುವ ಪೊರೆ ಇನ್ನೊಂದು. ಪೊರೆ ತೆಳ್ಳಗಿದೆಯೋ ದಪ್ಪವೋ, ಬಿಳಿಯೋ ಹಳದಿಯೋ, ಒಣಗಿದೆಯೋ ಜಿಡ್ಡೋ ಎನ್ನುವುದರ ಮೇಲೆ ಅರ್ಧ ರೋಗನಿರ್ಣಯ ನಿಂತಿರುತ್ತದೆ. ಎಲೆ ಅಡಿಕೆ ಹಾಕಿದ್ರಾ, ಕಾಫಿ ಕುಡಿದ್ರಾ, ಅರಿಶಿನ ಹಾಕಿದ್ದು ಏನಾದ್ರೂ ತಿಂದ್ರಾ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಕೆಳಗೆ ಪ್ಲೈವುಡ್ ಇಳಿಸುತ್ತಿದ್ದವರು ಕೆಲಸ ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರು ಬೀದಿಗೆ ನಾಲಿಗೆ ಚಾಚುವುದನ್ನು ನೋಡುತ್ತಿದ್ದರು.

ನನ್ನ ಬಳಿ ಕೆಂಪು, ಗುಲಾಬಿ, ನೇರಳೆ, ಬೂದು, ಹಳದಿ ಪೆನ್ಸಿಲ್‌ಗಳಿದ್ದವು. ಕೊನೆಯ ಎರಡು ಪೊರೆಗೆ. ಮೊದಲ ಶನಿವಾರ ಮಧ್ಯಾಹ್ನ ಸಾಮಾನು ಎತ್ತಿಡುವಾಗ ಬೂದು ಮತ್ತು ಹಳದಿ ಪೆನ್ಸಿಲ್‌ಗಳನ್ನು ಚೂಪೇ ಮಾಡಿಲ್ಲ ಎನ್ನುವುದು ಗಮನಕ್ಕೆ ಬಂತು. ಹನ್ನೆರಡು ಜನರಲ್ಲಿ ಯಾರಿಗೂ ಪೊರೆ ಎನ್ನುವಂಥದ್ದು ಇರಲಿಲ್ಲ. ಎಲ್ಲ ನಾಲಿಗೆಗಳೂ ತೊಳೆದಿಟ್ಟ ಹಾಗೆ ಬರೀ ಕೆಂಪು. ಪೊರೆ ಹೋಗಿ ನಾಲಿಗೆ ಬೋಳಾಗುವುದನ್ನು ಚೀನೀ ವೈದ್ಯದಲ್ಲಿ ಯಿನ್ ಬತ್ತಿದ ಲಕ್ಷಣ ಎನ್ನುತ್ತಾರೆ. ಯಿನ್ ಎಂದರೆ, ಸುಲಭವಾಗಿ ಹೇಳುವುದಾದರೆ, ಮೈಯೊಳಗಿನ ತಂಪು ಮತ್ತು ತೇವದ ಪಾಲು. ಅಲ್ಲಿನ ಆಸ್ಪತ್ರೆಯಲ್ಲಿ ಅಂಥ ನಾಲಿಗೆ ದಿನಕ್ಕೊಂದು ಕಂಡರೆ ಹೆಚ್ಚು, ಅದೂ ತುಂಬಾ ದಿನ ಮಲಗಿದ ರೋಗಿಗಳಲ್ಲಿ. ಇಲ್ಲಿ ಮೊಣಕಾಲು ನೋವಿನವರಿಗೂ ಅದೇ, ತಲೆನೋವಿನವರಿಗೂ ಅದೇ. ನನಗೆ ಅನುಮಾನ ಬರಬೇಕಿತ್ತು. ಬಂತು ಕೂಡ. ಆದರೆ ನಮ್ಮ ಜನ ಹೀಟು ಹೀಟು ಎಂದು ಗೋಳಾಡುವುದಕ್ಕೆ ಇದೇ ಕಾರಣವಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದೊಡ್ಡದೇನನ್ನೋ ಕಂಡುಹಿಡಿದೆ ಎಂಬ ಸಣ್ಣ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಏಳನೆಯ ರೋಗಿ ಹೇರೋಹಳ್ಳಿಯ ಅಮ್ಮ. ಅರವತ್ತರ ಹತ್ತಿರದ ವಯಸ್ಸು. ಊರಿನ ಹಳೆಯ ಮನೆತನ, ಹೊಲವೆಲ್ಲ ಸೈಟಾಗಿ ಹೋಗಿ ಮನೆ ಮಾತ್ರ ಇದ್ದಲ್ಲೇ ಉಳಿದಿತ್ತು. ಮಾತು ಕಡಿಮೆ, ಆಡಿದ ಮಾತಿಗೆ ತಪ್ಪದವರು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಇಂಥ ಹೊತ್ತಿಗೆ ಬನ್ನಿ ಎಂದರೆ ಐದು ನಿಮಿಷ ಮುಂಚೆ ಬಂದು ಕೂರುವವರಂತೆ.

“ಮೈಯೆಲ್ಲಾ ಹೀಟಾಗೈತೆ ಕಣವ್ವ,” ಎಂದರು. “ಬಾಯೆಲ್ಲಾ ಅಂಟಂಟು. ಉಂಡಿದ್ದು ಸೇರಕ್ಕಿಲ್ಲ, ಹೊಟ್ಟೆ ಉಬ್ಕೊಂಡು ಮೈ ಭಾರ ಆಯ್ತದೆ.”

ಅಂಟು ಬಾಯಿ, ಉಬ್ಬಿದ ಹೊಟ್ಟೆ, ಭಾರವಾದ ಮೈ. ಪರೀಕ್ಷೆಯಲ್ಲಿ ಈ ಮೂರು ಕೊಟ್ಟಿದ್ದರೆ ಕಣ್ಣುಮುಚ್ಚಿ ಬರೆಯುತ್ತಿದ್ದೆ: ಇದು ಒಣಗಿದ್ದಲ್ಲ, ಒಳಗೆ ಒದ್ದೆ ಕಟ್ಟಿಕೊಂಡಿರುವುದು. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡಿದಾಗಲೂ ಅದೇ ಸಿಕ್ಕಿತು. ಬೆರಳಿನಡಿ ಮಣಿಗಳು ಉರುಳಿಹೋದ ಹಾಗೆ, ಜಾರು ನಾಡಿ. ಹಾಗೆಂದೇ ಬರೆದೆ. ಆಮೇಲೆ ಅವರು ನಾಲಿಗೆ ಚಾಚಿದರು. ಬೋಳು, ಕೆಂಪು. ನಾಲಿಗೆ ಬತ್ತಿದೆ ಎನ್ನುತ್ತದೆ, ನಾಡಿ ಒದ್ದೆ ಎನ್ನುತ್ತದೆ. ಎರಡೂ ಒಂದೇ ಪುಟದಲ್ಲಿ ಇದ್ದರೆ ಶಿಕ್ಷಕಿ ಏನೆಂದಾರು? ನಾಡಿ ನೋಡುವುದರಲ್ಲಿ ನಾನು ಕ್ಲಾಸಿನಲ್ಲೇ ಹಿಂದೆ. ನನ್ನ ಬೆರಳೇ ತಪ್ಪಿರಬೇಕು ಎಂದುಕೊಂಡು ಬ್ಯಾಗಿನಿಂದ ವೈಟ್ನರ್ ತೆಗೆದು ಜಾರು ಎಂಬುದನ್ನು ಮುಚ್ಚಿ, ಅದರ ಪಕ್ಕದಲ್ಲಿ ದಾರದಂತೆ ಸಣ್ಣ ನಾಡಿ ಎಂದು ಬರೆದೆ. ಡಾಕ್ಟರಮ್ಮ ಒಳಗೆ ಸೂಜಿ ಹಾಕುತ್ತಿದ್ದರು. ಹೀಟಿಗೆ ತಂಪು ಹೇಳಲಾ ಎಂದು ಕೇಳಿದೆ, ಹೇಳು ಎಂದರು. ದಿನಾ ಎರಡು ಎಳನೀರು, ಮಜ್ಜಿಗೆ, ಸೌತೆಕಾಯಿ ಎಂದು ಚೀಟಿ ಬರೆದು ಕೊಟ್ಟೆ. ಮಧ್ಯಾಹ್ನ ಹನ್ನೆರಡೂ ಪುಟಕ್ಕೆ ಸೀಲು ಬಿತ್ತು.

ಮೊದಲ ವಾರದ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಬೇಕೆಂಬ ನಿಯಮವಿತ್ತು. ವಿಜಯನಗರದ ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದೇ ನಾಲಿಗೆಯನ್ನು ಕಳಿಸಿದೆ. ಬುಧವಾರ ಉತ್ತರ ಬಂತು. ನಮ್ಮ ಶಿಕ್ಷಕಿಯ ಇಂಗ್ಲಿಷ್ ಯಾವಾಗಲೂ ತಂತಿ ಸಂದೇಶದ ಹಾಗೆ. ಹನ್ನೆರಡು ಜನ, ಒಂದೇ ನಾಲಿಗೆ, ಕಾರಣ ತಿಳಿಸು ಎಂದಿತ್ತು. ಅದರ ಕೆಳಗೆ, ಏಳನೆಯ ಪುಟದಲ್ಲಿ ಬಿಳಿ ಬಣ್ಣದ ಅಡಿಯಲ್ಲಿ ಏನಿದೆ ಎಂದು ಕೇಳಿದ್ದರು.

ಸೀನಿಯರ್‌ನ ಹಿಂದಿನ ಬೆಂಚು ಕಣ್ಣಮುಂದೆ ಬಂತು. ನಾನು ನಿಜವಾಗಿಯೂ ಹನ್ನೆರಡು ಜನರನ್ನು ನೋಡಿದ್ದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನೋಡಿದ್ದೆ. ಆದರೂ ಪುಸ್ತಕ ನಕಲಿಯ ಹಾಗೆ ಕಾಣುತ್ತಿತ್ತು, ಮತ್ತು ಒಂದು ಕಡೆ ನಿಜವಾಗಿಯೂ ನಕಲಿ ಇತ್ತು. ಉತ್ತರ ಬರೆಯದೆ ಎದ್ದು ಬಂದೆ. ಮನೆಯಲ್ಲಿ ಅಮ್ಮ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದೆ.

ಎರಡನೆಯ ಶನಿವಾರ ಮತ್ತೆ ಅದೇ ಹನ್ನೆರಡು ಕೆಂಪು ನಾಲಿಗೆ. ಹೇರೋಹಳ್ಳಿಯ ಅಮ್ಮ ಐದು ನಿಮಿಷ ಮುಂಚೆ ಬರಲಿಲ್ಲ, ಅರ್ಧ ಗಂಟೆ ತಡವಾಗಿ ಬಂದರು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು. ಮುಖ ಊದಿತ್ತು.

“ನೀನು ಹೇಳ್ದಂಗೆ ಒಂದಿನಾನೂ ತಪ್ಪಿಸ್ನಿಲ್ಲ ಕಣವ್ವ,” ಎಂದರು. “ಕುಡ್ದಂಗೆಲ್ಲ ಹೊಟ್ಟೆ ಇನ್ನೂ ಉಬ್ತು. ನೀರ್ ನೀರಾಗಿ ಭೇದಿ. ಎದ್ದು ನಿಂತ್ರೆ ಕಾಲೇ ಎತ್ತಕ್ಕಾಗಕ್ಕಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬ್ಲೌಸಿನೊಳಗೆ ಇಟ್ಟುಕೊಂಡಿದ್ದರು, ತೆಗೆದು ನನ್ನ ಕೈಗೆ ಕೊಟ್ಟರು, ಅಷ್ಟೇ. ಡಾಕ್ಟರಮ್ಮ ಬಂದು ನೋಡಿ ಎಲ್ಲ ತಂಪನ್ನೂ ನಿಲ್ಲಿಸಿ ಎಂದರು, ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸಿ ಒಂದು ಗಂಟೆ ಮಲಗಿಸಿ ಕಳಿಸಿದರು. ಒದ್ದೆ ಕಟ್ಟಿದ ಮೈಗೆ ನಾನು ಇನ್ನಷ್ಟು ನೀರು ಸುರಿದಿದ್ದೆ. ನಾಡಿ ನನಗೆ ಮೊದಲೇ ಹೇಳಿತ್ತು. ವೈಟ್ನರ್ ಹಾಕಿದ್ದು ನಾಡಿಗಲ್ಲ, ಆ ಹೆಂಗಸಿನ ಹೊಟ್ಟೆಗೆ ಎಂದು ಬಸ್ಸಿನಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಅನಿಸುತ್ತಲೇ ಇತ್ತು. ಆದರೆ ನಾಲಿಗೆ ಯಾಕೆ ಹಾಗೆ? ಅದು ಮಾತ್ರ ಬಗೆಹರಿಯಲಿಲ್ಲ.

ಸೋಮವಾರ ಬೆಳಗ್ಗೆ ನಿದ್ದೆಗೆಟ್ಟ ಕಣ್ಣಿನಲ್ಲಿ ವಠಾರದ ಹೊಸಿಲ ಮೇಲೆ ಕಾಫಿ ಹಿಡಿದು ಕೂತಿದ್ದೆ. ಎದುರಿಗೆ ನಲ್ಲಿ. ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರ್ ಭುಜದ ಮೇಲೆ ಟವೆಲ್ ಹಾಕಿಕೊಂಡು ಬಂದು, ಹಲ್ಲುಜ್ಜಿ, ಬಗ್ಗಿ ನಿಂತು, ದಿನಾ ಮಾಡುವ ಸದ್ದು ಮಾಡಿದರು. ಆಕ್... ಓ...ಕ್... ಕರುಳೇ ಬಾಯಿಗೆ ಬರುತ್ತದೇನೋ ಎನ್ನುವಂಥ ಸದ್ದು. ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇನೆ, ನಮ್ಮ ವಠಾರಕ್ಕೆ ಅದೇ ಅಲಾರಂ. ಅವರು ಮುಗಿಸಿ ಕೈಯಲ್ಲಿದ್ದ ಸ್ಟೀಲಿನ ಟಂಗ್ ಕ್ಲೀನರನ್ನು ನಲ್ಲಿಗೆ ಹಿಡಿದು ತೊಳೆದರು. ಬಿಳೀ ಕೊಳೆ ಚರಂಡಿಗೆ ಹರಿದು ಹೋಯಿತು.

ನಾನು ಹುಡುಕುತ್ತಿದ್ದ ಪೊರೆ ಹೋಗುತ್ತಿತ್ತು, ಚರಂಡಿಗೆ.

ಕಾಫಿ ಅಲ್ಲೇ ಇಟ್ಟು ಬಚ್ಚಲಿಗೆ ಓಡಿದೆ. ಗೋಡೆಯ ಮೊಳೆಗೆ ನಮ್ಮ ಮನೆಯ ಮೂರು ಟಂಗ್ ಕ್ಲೀನರ್‌ಗಳು ನೇತಾಡುತ್ತಿದ್ದವು. ಅವುಗಳಲ್ಲಿ ಒಂದು ನನ್ನದು. ಮೊದಲ ವರ್ಷ ಚೀನಾಕ್ಕೆ ಹೋಗುವಾಗ ಮರೆತು ಹೋಗಿದ್ದೆ. ಅಲ್ಲಿ ಯಾರೂ ಬಳಸುತ್ತಿರಲಿಲ್ಲ, ನನಗೂ ಬಿಟ್ಟುಹೋಗಿತ್ತು. ರಜೆಗೆ ಬಂದ ಮಾರನೆಯ ಬೆಳಗ್ಗೆಯೇ ಕೈ ತಾನಾಗಿ ಮೊಳೆಯ ಕಡೆ ಹೋಗಿತ್ತು, ನನಗೆ ಅದರ ಅರಿವೇ ಇರಲಿಲ್ಲ. ಪಠ್ಯಪುಸ್ತಕ ತೆಗೆದು ಹುಡುಕಿದೆ. ನಾಲಿಗೆ ಪರೀಕ್ಷೆಯ ಮುನ್ನೆಚ್ಚರಿಕೆಗಳಲ್ಲಿ ಕೊನೆಯ ಸಾಲು ಹೀಗಿತ್ತು: ಕೆಲವರಿಗೆ ನಾಲಿಗೆ ಉಜ್ಜಿಕೊಳ್ಳುವ ಅಭ್ಯಾಸವಿರುತ್ತದೆ, ವಿಚಾರಿಸಿ ತಿಳಿಯಬೇಕು. ಅದರ ಕೆಳಗೆ ನಾನೇ ಎಳೆದ ಪೆನ್ಸಿಲ್ ಗೆರೆಯೂ ಇತ್ತು. ಕೆಲವರು ಎಂದರೆ ಎಲ್ಲೋ ಇರುವ ವಿಚಿತ್ರ ಜನ ಎಂದು ಓದಿಕೊಂಡಿದ್ದೆ. ಆ ಕೆಲವರು ನಮ್ಮಪ್ಪ, ನಮ್ಮಮ್ಮ, ಕಂಡಕ್ಟರ್, ಮಾಗಡಿ ರಸ್ತೆಯ ಎರಡೂ ಬದಿಯ ಸಮಸ್ತರು ಎಂದು ಹೊಳೆದಿರಲಿಲ್ಲ. ಎಲೆ ಅಡಿಕೆ ಹಾಕಿದ್ರಾ ಎಂದು ಕೇಳಿದ್ದೆ, ನಾಲಿಗೆ ಉಜ್ಜಿದ್ರಾ ಎಂದು ಕೇಳಿರಲಿಲ್ಲ. ಉಜ್ಜದೇ ಇರುವವರು ಯಾರು?

ಡಾಕ್ಟರಮ್ಮನಿಗೆ ಹೇಳಿದಾಗ ಮೊದಲು ನಕ್ಕುಬಿಟ್ಟರು. ತಾವೂ ಉಜ್ಜಿಕೊಂಡೇ ಬಂದಿರುವುದಾಗಿ ಹೇಳಿದರು. ಆಮೇಲೆ ನಾನು ವೈಟ್ನರ್ ವಿಷಯ ಹೇಳಿದೆ. ನಗು ನಿಂತಿತು. ಪುಸ್ತಕ ತರಿಸಿಕೊಂಡು ಏಳನೆಯ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು.

ನನ್ನ ತಲೆಯಲ್ಲಿ ಒಂದು ಸುಲಭದ ದಾರಿ ಆಗಲೇ ಸಿದ್ಧವಾಗಿತ್ತು. ಇಲ್ಲಿಯವರು ನಾಲಿಗೆ ಉಜ್ಜುತ್ತಾರೆ ಎಂದು ಶಿಕ್ಷಕಿಗೆ ಬರೆದರೆ ಸಾಕು, ಹನ್ನೆರಡು ನಾಲಿಗೆಗೂ ಕಾರಣ ಸಿಕ್ಕಿಬಿಡುತ್ತದೆ. ವೈಟ್ನರ್ ಅಡಿಯಲ್ಲಿ ಕಾಗುಣಿತದ ತಪ್ಪಿತ್ತು ಎಂದರೆ ಯಾರೂ ಕೇಳುವುದಿಲ್ಲ. ವರ್ಷ ಉಳಿಯುತ್ತದೆ. ಇದನ್ನು ಡಾಕ್ಟರಮ್ಮನಿಗೂ ಅಂಜುತ್ತಾ ಹೇಳಿದೆ.

“ಇದರ ಮೇಲೆ ನನ್ನ ಸೀಲೂ ಇದೆ ಅಲ್ವೇನಮ್ಮ,” ಎಂದರು ಅವರು. “ಕೇಸ್ ಶೀಟಲ್ಲಿ ಮುಚ್ಚಬಾರದು. ತಪ್ಪಾದ್ರೆ ಓದಕ್ಕೆ ಆಗೋ ಹಾಗೆ ಒಂದು ಗೆರೆ ಎಳೀಬೇಕು, ಪಕ್ಕದಲ್ಲಿ ಸರಿಯಾದ್ದು ಬರ್ದು ಸಹಿ ಹಾಕ್ಬೇಕು. ಏನು ಮಾಡ್ತೀಯೋ ನೀನೇ ನೋಡ್ಕೋ. ಆದ್ರೆ ಅವರ ಮನೆಗೆ ಮಾತ್ರ ಹೋಗಿ ಬಾ.”

ಆ ದಿನವೇ ಬ್ಲೇಡಿನಿಂದ ವೈಟ್ನರ್ ಕೆರೆದೆ. ಅಡಿಯಲ್ಲಿ ಜಾರು ನಾಡಿ ಹಾಗೆಯೇ ಇತ್ತು. ದಾರದಂತೆ ಎಂಬುದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದೆ: ಮೊದಲು ಸರಿಯಾಗಿ ಬರೆದಿದ್ದೆ, ನಾಲಿಗೆಗೆ ಹೊಂದಲಿಲ್ಲವೆಂದು ಹೆದರಿ ಬದಲಿಸಿದೆ, ಅದರಂತೆ ಕೊಟ್ಟ ಸಲಹೆಯಿಂದ ರೋಗಿಗೆ ತೊಂದರೆಯಾಯಿತು. ಸಹಿ ಹಾಕಿದೆ. ಸೈಬರ್ ಸೆಂಟರಿಗೆ ಹೋಗಿ ಇದನ್ನೇ ಶಿಕ್ಷಕಿಗೂ ಬರೆದೆ. ಉತ್ತರ ಬರಲಿಲ್ಲ. ಒಂದು ಬೈಗುಳವಾದರೂ ಬಂದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಉಳಿದಿದ್ದದ್ದು ಒಂದೇ ಶನಿವಾರ. ಅದರ ನಂತರದ ಸೋಮವಾರ ನನ್ನ ವಿಮಾನ. ಪೊರೆ ಮತ್ತೆ ಕಟ್ಟಲು ಮೂರು ದಿನವಾದರೂ ನಾಲಿಗೆ ಮುಟ್ಟಬಾರದು, ಅಂದರೆ ಬುಧವಾರದಿಂದ. ಒಬ್ಬೊಬ್ಬರ ಮನೆಗೂ ಹೋಗಿ ಇಲ್ಲವೇ ಫೋನ್ ಮಾಡಿ ಕೇಳಿದೆ. ಎಲೆ ಅಡಿಕೆ ಬಿಡಿ ಎಂದಿದ್ದಾಗ ಬಿಟ್ಟವರು ಇದಕ್ಕೆ ಮುಖ ಸಿಂಡರಿಸಿದರು. ಗಲೀಜು ಅಲ್ವಾ ಎಂದರು ಒಬ್ಬರು. ಚೀನಾದೋರು ಉಜ್ಜಲ್ವಾ ಎಂದು ಇನ್ನೊಬ್ಬರು ನನ್ನನ್ನೇ ಅನುಮಾನದಿಂದ ನೋಡಿದರು. ಎಲ್ಲಕ್ಕಿಂತ ದೊಡ್ಡ ಅಡ್ಡಿ, ಆ ಶುಕ್ರವಾರವೇ ವರಮಹಾಲಕ್ಷ್ಮಿ ಹಬ್ಬ.

ಹೇರೋಹಳ್ಳಿಯ ಅಮ್ಮನ ಮನೆಗೆ ಮಂಗಳವಾರ ಸಂಜೆ ಹೋದೆ. ಮಳೆಗೆ ರಸ್ತೆ ಕೆಸರಾಗಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಯಿತು. ಅವರು ನಡುಮನೆಯಲ್ಲಿ ಕೂತು ಹಬ್ಬಕ್ಕೆ ಬೆಳ್ಳಿ ಸಾಮಾನು ಉಜ್ಜುತ್ತಿದ್ದರು. ಭೇದಿ ನಿಂತಿತ್ತು, ಉಬ್ಬರ ಮಾತ್ರ ಹಾಗೇ ಇತ್ತು. ನಾನು ಬಂದ ಕೆಲಸ ಹೇಳಿದಾಗ ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೆಳಗಿಟ್ಟರು.

“ಬಾಯಿ ಶುದ್ಧ ಇಲ್ದೆ ದೇವ್ರ ಮನೆ ಒಳೀಕೆ ಹೆಂಗವ್ವ ಹೋಗ್ಲಿ? ಮದ್ವೆಯಾಗಿ ಈ ಮನೆಗೆ ಬಂದಾಗಿಂದ ಕಳಸ ಇಡೋಳು ನಾನೇ.”

ಬಾಯಿ ಮುಕ್ಕಳಿಸಬಹುದು, ಹಲ್ಲುಜ್ಜಬಹುದು, ನಾಲಿಗೆ ಮಾತ್ರ ಬೇಡ ಎಂದು ನೋಡಿದೆ. ತಲೆ ಅಲ್ಲಾಡಿಸಿದರು. ಎದ್ದು ಬರಬೇಕು ಎಂದುಕೊಂಡೆ. ಹನ್ನೊಂದು ಜನರದ್ದು ಸಿಕ್ಕರೂ ಸಾಕಾಗಬಹುದು. ಆದರೆ ತಪ್ಪಾದ ಪುಟ ಇವರದ್ದೇ. ಅದನ್ನು ಹೇಳದೆ ಏಳುವುದು ನನ್ನಿಂದಾಗಲಿಲ್ಲ.

“ಅಮ್ಮಾ, ತಪ್ಪು ನಂದು,” ಎಂದೆ. “ನಿಮ್ಮ ನಾಡಿ ನೋಡ್ದಾಗ್ಲೇ ನಂಗೆ ಗೊತ್ತಾಗಿತ್ತು. ನಾಲಿಗೆ ನೋಡಿ ಹೆದರ್ಕೊಂಡು ಬೇರೆ ಬರ್ದೆ. ಎಳನೀರು ಕುಡಿಸಿ ನಿಮ್ಮ ಹೊಟ್ಟೆ ಕೆಡಿಸಿದ್ದು ನಾನೇ. ಈ ಸಲ ಸರಿಯಾಗಿ ನೋಡ್ಬೇಕು.”

ಅವರು ಬಟ್ಟಲನ್ನು ಬಟ್ಟೆಯಿಂದ ಒರೆಸಿ ಬದಿಗಿಟ್ಟರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕರೆದರು, ಈ ಸಲ ಕಳಶ ನೀನೇ ಇಡು ಎಂದರು. ಸೊಸೆ ಬಾಗಿಲಲ್ಲೇ ನಿಂತಳು, ಸರಿಯಾಗಿ ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ.

“ಆಯ್ತು ಕಣವ್ವ,” ಎಂದರು ನನ್ನ ಕಡೆ ನೋಡಿ. “ನೀನು ಉಜ್ಜು ಅನ್ನೋಗಂಟ ಉಜ್ಜಕ್ಕಿಲ್ಲ.”

ಬದುಕಿದೆ ಎನಿಸಿತು. ಕಾಲು ಮುಟ್ಟಿ ನಮಸ್ಕಾರ ಮಾಡಿ ಕೆಸರಿನಲ್ಲಿ ಓಡುತ್ತಾ ಬಸ್ ಸ್ಟಾಪಿಗೆ ಬಂದೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಶನಿವಾರದ ಪುಟ ಮಾತ್ರ.

ಶನಿವಾರ ಮೋಡ ಕವಿದಿತ್ತು. ಬೆಳಕು ಸಾಲದೆ ಎಲ್ಲರನ್ನೂ ತಾರಸಿಗೆ ಹತ್ತಿಸಿ, ಮೋಡ ಸರಿದಾಗಲೊಮ್ಮೆ ಒಬ್ಬೊಬ್ಬರನ್ನು ನೋಡಿದೆ. ಇಬ್ಬರು ಹಬ್ಬದ ದಿನ ತಡೆಯಲಾರದೆ ಉಜ್ಜಿಕೊಂಡುಬಿಟ್ಟಿದ್ದರು. ಅದನ್ನೂ ಹಾಗೇ ಬರೆದೆ. ಉಳಿದವರಲ್ಲಿ ಒಂದೊಂದು ನಾಲಿಗೆಯೂ ಒಂದೊಂದು ಥರ. ತಲೆನೋವಿನ ಹೆಂಗಸಿಗೆ ತೆಳು ಹಳದಿ, ಮೊಣಕಾಲಿನವರಿಗೆ ಒದ್ದೆ ಬಿಳಿ, ಬಟ್ಟೆ ಹೊಲಿಯುವ ಒಬ್ಬರಿಗೆ ಉಜ್ಜುವುದು ಬಿಟ್ಟರೂ ಬೋಳೇ, ಅವರೊಬ್ಬರದ್ದು ನಿಜವಾಗಿಯೂ ಬತ್ತಿದ್ದು. ಬೂದು ಪೆನ್ಸಿಲನ್ನು ಮೊದಲ ಸಲ ಚೂಪು ಮಾಡಿದೆ.

ಹೇರೋಹಳ್ಳಿಯ ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಬಂದರು. ಯಾರೂ ಕಾಣದ ಹಾಗೆ ನೀರಿನ ಟ್ಯಾಂಕಿನ ಮರೆಗೆ ಕರೆದುಕೊಂಡು ಹೋದೆ. ಸೆರಗು ಸರಿಸಿ, ಕಣ್ಣು ಮುಚ್ಚಿ, ನಾಲಿಗೆ ಚಾಚಿದರು. ದಪ್ಪ ಬಿಳಿ ಪೊರೆ, ದೋಸೆ ಹಿಟ್ಟು ಸವರಿದ ಹಾಗೆ, ಬುಡದಲ್ಲಿ ಹಳದಿ ತಿರುಗಿತ್ತು. ನಾಡಿ ಅದೇ ಜಾರು. ಎರಡೂ ಒಂದೇ ಮಾತು ಹೇಳುತ್ತಿದ್ದವು. ಡಾಕ್ಟರಮ್ಮ ಮೊಣಕಾಲಿನ ಕೆಳಗೆ ಎರಡು ಸೂಜಿ ಹಾಕಿದರು, ಒಣಶುಂಠಿ ಮತ್ತು ಮೆಣಸಿನ ಕಷಾಯ ಹೇಳಿದರು, ಹಾಲು, ಸಿಹಿ, ತಣ್ಣನೆಯದು ಬೇಡ ಎಂದರು. ನಾನು ಬಣ್ಣ ತುಂಬಿ ಮುಗಿಸುವಷ್ಟರಲ್ಲಿ ಮುಂದಿನವರು ಕಾಯುತ್ತಿದ್ದರು, ಮತ್ತೆ ಮೋಡ ಮುಚ್ಚುತ್ತಿತ್ತು. ಅಮ್ಮ ಹೊರಡುವಾಗ ಒಂದು ಕ್ಷಣ ನಿಂತು ನನ್ನ ಮುಖ ನೋಡಿದ್ದು ನೆನಪಿದೆ. ಏನಾದರೂ ಹೇಳುತ್ತೇನೇನೋ ಎಂದು ಕಾದಂತಿತ್ತು. ಹೋಗ್ಬನ್ನಿ ಅಮ್ಮ ಎಂದೆ.

ಸೆಪ್ಟೆಂಬರಿನಲ್ಲಿ ಶಿಕ್ಷಕಿ ನನ್ನನ್ನು ಒಬ್ಬಳನ್ನೇ ಕರೆದರು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಏಳನೆಯ ಪುಟದಲ್ಲಿ ಬ್ಲೇಡು ಕೆರೆದ ಜಾಗದ ಮೇಲೆ ಬೆರಳಾಡಿಸಿದರು. ನಾನು ನಿಂತೇ ಇದ್ದೆ, ಕೂರು ಎಂದಿದ್ದೂ ಕೇಳಿಸಿರಲಿಲ್ಲ. ಕೊನೆಗೆ ನನ್ನ ಕಡೆ ನೋಡಿ, ಈ ಏಳನೆಯ ರೋಗಿ ಈಗ ಹೇಗಿದ್ದಾರೆ ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಒಂದು ತಿಂಗಳು ನಾನು ಯೋಚಿಸಿದ್ದು ಈ ಕೋಣೆಯನ್ನು, ಆ ಮುದ್ರೆಯನ್ನು. ಹೇರೋಹಳ್ಳಿಗೆ ಒಂದು ಫೋನ್ ಮಾಡಿರಲಿಲ್ಲ.

ಶಿಕ್ಷಕಿ ಮುದ್ರೆಯ ಡಬ್ಬಿಯ ಮುಚ್ಚಳ ಹಾಕಿದರು. ಕೇಳಿಕೊಂಡು ಬಾ, ಅವರು ಹೇಳಿದ್ದನ್ನು ಹಾಗೆಯೇ ಬರೆ, ಅದು ಏನೇ ಇರಲಿ ಮುದ್ರೆ ಹಾಕುತ್ತೇನೆ, ಕೇಳದೆ ಮಾತ್ರ ಹಾಕುವುದಿಲ್ಲ ಎಂದರು.

ಹಾಸ್ಟೆಲಿನ ಪಕ್ಕದ ಅಂಗಡಿಯಲ್ಲಿ ಗಾಜಿನ ಫೋನ್ ಬೂತುಗಳಿದ್ದವು. ಅಲ್ಲಿ ಹನ್ನೊಂದು, ಊರಿನಲ್ಲಿ ಬೆಳಗ್ಗೆ ಎಂಟೂವರೆ. ಪುಸ್ತಕ ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡು, ಅದರಲ್ಲೇ ಬರೆದಿದ್ದ ನಂಬರು ಒತ್ತಿದೆ. ಸೊಸೆ ಎತ್ತಿದಳು, ಅತ್ತೆ ಎಂದು ಕೂಗಿದಳು. ಅಮ್ಮ ಬಂದರು. ಹೊಟ್ಟೆ ಸರಿಹೋಗಿದೆ, ಮೈ ಹಗುರಾಗಿದೆ, ಸರಿಹೋದ ಮೇಲೆ ಡಾಕ್ಟರಮ್ಮನ ಹತ್ತಿರ ಯಾಕೆ ಹೋಗಲಿ ಎಂದು ಆಮೇಲೆ ಹೋಗಿಲ್ಲ ಎಂದರು. ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದೆ. ಗೌರಿ ಹಬ್ಬ ಚೆನ್ನಾಗಿ ಆಯ್ತಾ ಅಮ್ಮ ಎಂದು ಉಪಚಾರಕ್ಕೆ ಕೇಳಿದೆ.

“ಆಯ್ತು. ಅದ್ನೂ ಸೊಸೇನೇ ಮಾಡಿದ್ಲು.”

ಯಾಕೆ, ಮೈ ಹುಷಾರಿರಲಿಲ್ಲವಾ ಎಂದೆ.

“ಹುಷಾರಾಗೇ ಇದೀನಿ ಕಣವ್ವ. ನೀನು ಉಜ್ಜು ಅಂತ ಹೇಳ್ನಿಲ್ವಲ್ಲ.”

ಪೆನ್ನು ನಿಂತಿತು. ತಾರಸಿಯ ಮೇಲೆ ಒಂದು ಕ್ಷಣ ನಿಂತು ಅವರು ಕಾದದ್ದು ಯಾವ ಮಾತಿಗೆ ಎಂದು ಆಗ ತಿಳಿಯಿತು. ಉಳಿದವರೆಲ್ಲ ಆವತ್ತೇ ಮನೆಗೆ ಹೋಗಿ ಉಜ್ಜಿಕೊಂಡಿರಬೇಕು. ಇವರು ಮಾತು ಕೊಟ್ಟಿದ್ದರು. ಒಂದು ತಿಂಗಳಿಂದ ತಮ್ಮ ಮನೆಯ ದೇವರ ಕೋಣೆಯ ಹೊಸಿಲ ಆಚೆ ನಿಂತು ಕೈಮುಗಿಯುತ್ತಿದ್ದರು. ಅಳು ಬಂದುಬಿಟ್ಟಿತು.

“ಉಜ್ಜಿ ಅಮ್ಮಾ,” ಎಂದೆ. “ತಪ್ಪಾಯ್ತು. ನಾನು ಹೇಳೋದು ಮರ್ತೆ. ಈಗ್ಲೇ ಉಜ್ಜಿ.”

“ಈಗ್ಲಾ?”

“ಈಗ್ಲೇ.”

ಅವರು ಫೋನ್ ಕೆಳಗಿಡಲಿಲ್ಲ. ರಿಸೀವರನ್ನು ಟೇಬಲ್ಲಿನ ಮೇಲೆ ಮಲಗಿಸಿದ ಸದ್ದು ಬಂತು. ಹೆಜ್ಜೆ ದೂರವಾಯಿತು. ನಲ್ಲಿ ತಿರುಗಿತು. ಆಮೇಲೆ ಅಷ್ಟು ದೂರದಿಂದ, ಸಣ್ಣಗೆ, ಸ್ಪಷ್ಟವಾಗಿ, ಆಕ್... ಓ...ಕ್... ಅಂಗಡಿಯವನು ಗಾಜಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದ. ಕಣ್ಣೀರು ಒರೆಸಿಕೊಳ್ಳುತ್ತಾ ಕೇಳುತ್ತಲೇ ಕೂತಿದ್ದೆ. ನಲ್ಲಿ ನಿಂತಿತು, ಹೆಜ್ಜೆ ಹತ್ತಿರ ಬಂತು.

“ಆಯ್ತು ಕಣವ್ವ,” ಎಂದರು. “ಇಡ್ಲಾ? ದೀಪ ಹಚ್ಬೇಕು.”